ಒಂದೇ ಬೀಜ, ಎರಡು ಗದ್ದೆ: ಒಟ್ಲಲ್ಲೇ ವಯಸ್ಸಾದ ಪೈರು ತೆಂಡೆ ಒಡೆಯದ ಪ್ರಕರಣ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಊರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಅಲ್ಲಿ ನನ್ನ ದೊಡ್ಡಪ್ಪನ ಮಗ, ಅಂದರೆ ಅಣ್ಣನದು ಒಂದು ಎಕರೆ ಭತ್ತದ ಗದ್ದೆ. ಅಲ್ಲಿಂದ ಕೂಗಳತೆ ದೂರದಲ್ಲಿ ಭಾವನದು ಇನ್ನೊಂದು ಎಕರೆ. ಒಂದು ಮುಂಗಾರಿನಲ್ಲಿ ಇಬ್ಬರೂ ಐಆರ್-64 ತಳಿ ಹಾಕಿದರು. ಬೀಜವನ್ನು ಒಟ್ಟಿಗೇ ತಂದು, ಒಂದೇ ಕಡೆ ಸುರಿದು, ಒಟ್ಟಿಗೇ ನೆನೆಹಾಕಿ, ಮೊಳಕೆ ಕಟ್ಟಿ, ಆಮೇಲೆ ಪಾಲು ಮಾಡಿಕೊಂಡಿದ್ದರು. ಇಬ್ಬರ ಒಟ್ಲಿಗೂ, ಅಂದರೆ ನಾಟಿಗೆ ಮುಂಚೆ ಪೈರು ಬೆಳೆಸುವ ಸಸಿಮಡಿಗೂ, ಬೀಜ ಬಿದ್ದದ್ದು ಒಂದೇ ದಿನ.

ಭಾವನಿಗೆ ಬೋರ್‌ವೆಲ್ ಇದೆ. 22 ದಿನಕ್ಕೆ ಪೈರು ಕಿತ್ತು ನಾಟಿ ಮುಗಿಸಿದರು. ಅಣ್ಣನಿಗೆ ನಾಲೆ ನೀರೇ ಗತಿ. ನೀರು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಾ ಕೂತರು. ಒಟ್ಲು ಒಣಗದ ಹಾಗೆ ಪಕ್ಕದವರ ಬೋರ್‌ವೆಲ್‌ನಿಂದ ಸ್ವಲ್ಪ ಸ್ವಲ್ಪ ನೀರು ಹಾಯಿಸಿಕೊಂಡು ಪೈರು ಉಳಿಸಿಕೊಂಡರು. ಕೊನೆಗೆ ನಾಲೆಯಲ್ಲಿ ನೀರು ಬಂದು, ಗದ್ದೆ ಕೆಸರು ಮಾಡಿ, ಆಳು ಸಿಕ್ಕಿ ನಾಟಿ ಹಾಕುವ ಹೊತ್ತಿಗೆ ಪೈರಿಗೆ 44 ದಿನ ಆಗಿತ್ತು.

ಮುಂದೆ ಏನಾಯಿತು ಅನ್ನುವುದು ರಸ್ತೆಯಲ್ಲಿ ನಿಂತೇ ಕಾಣುತ್ತಿತ್ತು. ಭಾವನ ಗದ್ದೆ ಮುಚ್ಚಿಕೊಂಡಿತ್ತು, ಸಾಲಿನ ನಡುವೆ ನೀರು ಕಾಣುತ್ತಿರಲಿಲ್ಲ. ಅಣ್ಣನ ಗದ್ದೆಯಲ್ಲಿ ನಾಟಿ ಆಗಿ ತಿಂಗಳಾದರೂ ಸಾಲುಗಳ ನಡುವೆ ನೀರು ಹೊಳೆಯುತ್ತಿತ್ತು. ಪೈರು ಉದ್ದಕ್ಕೆ ನಿಂತಿತ್ತು, ಅಗಲಕ್ಕೆ ಹರಡಿರಲಿಲ್ಲ.

"ಬೀಜ್ದಲ್ಲೇ ಏನೋ ಐಬು ಐತೆ ಕಣವ್ವ. ನೀನು ಗಿಡದ ವಿಷ್ಯ ಓದ್ಕೊಂಡಿದ್ದೀಯಲ್ಲ, ನೋಡಿ ಹೇಳು" ಅಂದರು ಅಣ್ಣ. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣ ಇದೆ. ನಾಲೆಯ ಕೊನೆ ಭಾಗದ ರೈತರು ವರ್ಷ ವರ್ಷ ಅನುಭವಿಸುವ ಈ ನಷ್ಟದ ಹಿಂದೆ ಬರೀ 20 ಅಕ್ಷರ, ಅಂದರೆ 20 ರಾಸಾಯನಿಕ ಬಿಡಿಭಾಗ ಉದ್ದದ ಒಂದು ಅಣುವಿನ ಕೆಲಸವೂ ಇದೆ. ಅದರ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ.

ಬುಡ ಬಿಡಿಸಿ ನೋಡಿದಾಗ

ಎರಡೂ ಗದ್ದೆಯಿಂದ ಒಂದಷ್ಟು ಬುಡ ಕಿತ್ತು, ಕಾಲುವೆ ನೀರಲ್ಲಿ ಬೇರಿನ ಕೆಸರು ತೊಳೆದು, ಬದುವಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆವು. ಎರಡೂ ಕಡೆ ಬುಡಕ್ಕೆ ಎರಡೆರಡು ಪೈರು ನೆಟ್ಟಿದ್ದರು. ಭಾವನ ಗದ್ದೆಯ ಬುಡದಲ್ಲಿ 14, 15, ಕೆಲವದರಲ್ಲಿ 17 ತೆಂಡೆ, ಅಂದರೆ ಬುಡದಿಂದ ಒಡೆದ ಕವಲು. ಅಣ್ಣನ ಗದ್ದೆಯದರಲ್ಲಿ 5, 6, ಎಲ್ಲೋ ಒಂದರಲ್ಲಿ 8.

ಎಣಿಕೆಗಿಂತ ಮುಖ್ಯವಾದದ್ದು ಒಳಗೆ ಸಿಕ್ಕಿತು. ಅಣ್ಣನ ಪೈರಿನ ತಾಯಿ ಕಾಂಡವನ್ನು ಹಿಡಿದು, ಹೊರಗಿನ ಒಣ ಗರಿಯಿಂದ ಶುರು ಮಾಡಿ ಒಂದೊಂದೇ ಗರಿಯ ಬುಡದ ಕವಚ ಸುಲಿದೆ. ಪ್ರತಿ ಗರಿಯ ಕಂಕುಳಲ್ಲೂ ಒಂದು ಮೊಗ್ಗು ಇರಬೇಕು. ಇತ್ತು. ಕೆಳಗಿನ ಮೂರು ನಾಲ್ಕು ಗೆಣ್ಣುಗಳಲ್ಲಿ ಎರಡು ಮಿಲಿಮೀಟರ್ ಕೂಡ ದಾಟದ, ಕಂದು ತಿರುಗಿದ ಮೊಗ್ಗುಗಳು. ಹುಟ್ಟಿದ್ದವು, ಬೆಳೆದಿರಲಿಲ್ಲ. ಭಾವನ ಪೈರಿನಲ್ಲಿ ಅದೇ ಜಾಗದ ಮೊಗ್ಗುಗಳು ದಪ್ಪ ತೆಂಡೆಗಳಾಗಿ ನಿಂತು, ತಮ್ಮ ಬುಡದಿಂದ ಮರಿ ತೆಂಡೆಗಳನ್ನೂ ಕೊಟ್ಟಿದ್ದವು. ಇನ್ನೊಂದು ವ್ಯತ್ಯಾಸವೂ ಕಂಡಿತು. ಅಣ್ಣನ ಪೈರಿನ ಕೆಳಗಿನ ಗೆಣ್ಣುಗಳ ನಡುವೆ ಅಂತರ ಬಿದ್ದಿತ್ತು. ಎಳೆ ಪೈರಲ್ಲಿ ಗೆಣ್ಣುಗಳು ಒತ್ತೊತ್ತಾಗಿ ಮಣ್ಣಿನ ಮಟ್ಟದಲ್ಲೇ ಇರುತ್ತವೆ. ಇಲ್ಲಿ ಒಟ್ಲಲ್ಲಿ ಇರುವಾಗಲೇ ಕಾಂಡ ಮೇಲಕ್ಕೆ ಎಳೆದುಕೊಂಡು ಹೋಗಿತ್ತು.

ಬೇರೆ ಅನುಮಾನಗಳನ್ನು ಬೇಗ ಬದಿಗಿಡಬಹುದಾಯಿತು. ಬೀಜ ಒಂದೇ, ಆದ್ದರಿಂದ ಬೀಜದ ಮಾತು ಬಿತ್ತು. ಸತುವಿನ ಕೊರತೆ ಇದ್ದರೆ ಗರಿಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬರುತ್ತೆ, ಅದು ಇರಲಿಲ್ಲ. ಕಾಂಡ ಕೊರಕ ಬಿದ್ದಿದ್ದರೆ ಸುಳಿ ಒಣಗಿ ಎಳೆದರೆ ಕೈಗೆ ಬರುತ್ತೆ, ಅದೂ ಇರಲಿಲ್ಲ. ಮಣ್ಣು ಹೆಚ್ಚು ಕಡಿಮೆ ಒಂದೇ. ಯೂರಿಯಾವನ್ನಂತೂ ಅಣ್ಣ ಭಾವನಿಗಿಂತ ಜಾಸ್ತಿಯೇ ಹಾಕಿದ್ದರು. ಪೈರು ಮುಂದೆ ಬರಲಿಲ್ಲ ಅಂತ ಇನ್ನೂ ಒಂದು ಸಲ ಎರಚಿದ್ದರು. ಗರಿ ಕಡು ಹಸಿರಾಯಿತು, ತೆಂಡೆ ಬರಲಿಲ್ಲ.

ಉಳಿದದ್ದು ಎರಡು ವ್ಯತ್ಯಾಸ. ಒಂದು, ಪೈರಿನ ವಯಸ್ಸು. ಇನ್ನೊಂದನ್ನು ಅತ್ತಿಗೆ ನೆನಪಿಸಿದರು: "ಒಟ್ಲಿಗೆ ಜಾಗ ಎಲ್ಲಿತ್ತು? ಎರಡು ಗುಂಟೇಲೆ ಎಲ್ಲಾನೂ ಚೆಲ್ಲಿದ್ದು." ಒಂದು ಎಕರೆ ನಾಟಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ನಾಲ್ಕು ಗುಂಟೆ ಒಟ್ಲು ಬೇಕು ಅನ್ನುವುದು ರೂಢಿಯ ಲೆಕ್ಕ. ನೀರು ಸಾಲದು ಅಂತ ಇಲ್ಲಿ ಅರ್ಧ ಜಾಗದಲ್ಲಿ ಅಷ್ಟೇ ಬೀಜ ಬಿದ್ದಿತ್ತು. ಪೈರು ಒತ್ತಾಗಿ, ಒಂದರ ನೆರಳಲ್ಲಿ ಒಂದು ನಿಂತು 44 ದಿನ ಕಳೆದಿತ್ತು.

ತೆಂಡೆ ಯಾವಾಗ ಬರಬೇಕಿತ್ತು

ಭತ್ತದಲ್ಲಿ ತೆಂಡೆ ಒಡೆಯುವುದಕ್ಕೆ ಒಂದು ಕ್ರಮ ಇದೆ. ಒಂದು ಗರಿಯ ಕಂಕುಳಿನ ತೆಂಡೆ, ಅದಕ್ಕಿಂತ ಮೂರು ಗರಿ ಮೇಲಿನ ಗರಿ ಹೊರಬರುವ ಹೊತ್ತಿಗೆ ಆಚೆ ಬರುತ್ತೆ. ಎರಡನೇ ಗರಿಯ ತೆಂಡೆ ಐದನೇ ಗರಿಯ ಜೊತೆ, ಮೂರನೆಯದರದು ಆರನೆಯದರ ಜೊತೆ, ಹೀಗೆ. ಜಪಾನಿನ ಕತಯಾಮ ಅನ್ನುವ ವಿಜ್ಞಾನಿ ಕಂಡುಕೊಂಡ ಕ್ರಮ ಇದು.

ಇದನ್ನು ನಮ್ಮ ಎರಡು ಗದ್ದೆಗೆ ಹಾಕಿ ನೋಡಿ. 22 ದಿನದ ಪೈರಲ್ಲಿ ನಾಲ್ಕೈದು ಗರಿ ಇರುತ್ತೆ. ಅಂದರೆ ತೆಂಡೆ ಒಡೆಯುವ ಕೆಲಸ ಇನ್ನೇನು ಶುರುವಾಗಬೇಕು. ಆ ಹೊತ್ತಿಗೆ ಭಾವ ಅದನ್ನು ಬಿಸಿಲು, ಗಾಳಿ, ಜಾಗ ಇರುವ ಗದ್ದೆಗೆ ತಂದರು. 44 ದಿನಕ್ಕೆ ಏಳೆಂಟು ಗರಿ. ಎರಡು, ಮೂರು, ನಾಲ್ಕನೇ ಗರಿಗಳ ತೆಂಡೆ ಬರಬೇಕಾದ ಹೊತ್ತು ಒಟ್ಲಲ್ಲೇ ಕಳೆದುಹೋಗಿತ್ತು. ಮೊದಲು ಬರುವ ತೆಂಡೆಗಳೇ ದಪ್ಪ ತೆನೆ ಕೊಡುವವು. ಅವುಗಳ ಮರಿಗಳೂ ಅವುಗಳಿಂದಲೇ ಬರಬೇಕು.

ಇನ್ನೊಂದು ಲೆಕ್ಕವೂ ಇದೆ, ಇದು ಹೆಚ್ಚು ನೋವಿನದು. ನಮ್ಮ ಕಡೆಯ ಹವೆಯಲ್ಲಿ ಭತ್ತಕ್ಕೆ ತೆನೆಯ ಮೊಳಕೆ ಕಾಂಡದೊಳಗೆ ಶುರುವಾದ ಮೇಲೆ ಕೊಯ್ಲಿಗೆ ಸುಮಾರು 65 ದಿನ ಬೇಕು. ಹೂವಿಗೆ 35, ಕಾಳು ಬಲಿಯಲು 30. ತಳಿ ಯಾವುದಾದರೂ ಈ 65 ಹೆಚ್ಚು ಬದಲಾಗುವುದಿಲ್ಲ. ಐಆರ್-64 ಸುಮಾರು 115ರಿಂದ 120 ದಿನದ ತಳಿ. 65 ಕಳೆದರೆ ಉಳಿಯುವುದು 50, 55 ದಿನ. ಗಿಡಕ್ಕೆ ಮೈ ಬೆಳೆಸಿಕೊಳ್ಳಲು, ತೆಂಡೆ ಒಡೆಯಲು ಇರುವ ಕಾಲ ಅಷ್ಟೇ. ಅದರಲ್ಲಿ 44 ದಿನ ಅಣ್ಣನ ಪೈರು ಎರಡು ಗುಂಟೆಯಲ್ಲಿ ಒತ್ತಿಕೊಂಡು ಕಳೆಯಿತು. ನಾಟಿ ಆದ ಮೇಲೆ ಬೇರು ಹಿಡಿಯಲು ಇನ್ನೊಂದು ವಾರ. ಆಮೇಲೆ ಏನು ಉಳಿಯಿತು?

ಅಲ್ಪಾವಧಿ ತಳಿಗೆ ಮೂರು ವಾರದ ಪೈರು ನೆಡಿ, ದೀರ್ಘಾವಧಿಗೆ ಇನ್ನೊಂದು ವಾರ ಜಾಸ್ತಿ ಇರಲಿ ಅನ್ನುವ ಸಲಹೆ ಬಂದಿರುವುದು ಇದೇ ಲೆಕ್ಕದಿಂದ. ಕಡಿಮೆ ನೀರಲ್ಲಿ ಭತ್ತ ಬೆಳೆಯುವ ಶ್ರೀ ಪದ್ಧತಿಯಲ್ಲಿ 8ರಿಂದ 12 ದಿನದ ಎಳೆ ಪೈರನ್ನು ಒಂದೊಂದೇ ನೆಟ್ಟರೂ ಬುಡ ತುಂಬಾ ತೆಂಡೆ ಬರುವುದು ಕೂಡ ಅದಕ್ಕೇ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಗಿಡಕ್ಕೆ ತನ್ನ ವಯಸ್ಸು ಹೇಗೆ ಗೊತ್ತು? ಒಟ್ಲಲ್ಲಿ ಪೈರು ತೆಳ್ಳಗೆ, ಸೊರಗಿಕೊಂಡು ನಿಂತಿದ್ದರೂ ಒಳಗೆ ಕಾಲ ಸಾಗುತ್ತಲೇ ಇತ್ತು. ಆ ಕಾಲವನ್ನು ಯಾರು ಇಟ್ಟುಕೊಂಡಿದ್ದರು? ಸಣ್ಣ ಆರ್‌ಎನ್‌ಎಗಳ ವಿಷಯ ಬರುವುದು ಇಲ್ಲಿ.

20 ಅಕ್ಷರದ ಅಣು

ಜೀನಿನಲ್ಲಿರುವ ಸೂಚನೆ ಮೊದಲು ಆರ್‌ಎನ್‌ಎ ಆಗಿ ನಕಲಾಗುತ್ತೆ, ಆ ನಕಲನ್ನು ಓದಿ ಕೋಶ ಪ್ರೋಟೀನ್ ಮಾಡುತ್ತೆ. ಇದು ಶಾಲೆಯಲ್ಲಿ ಓದಿದ ಪಾಠ. ಆದರೆ ಕೋಶದಲ್ಲಿ ಇನ್ನೊಂದು ಬಗೆಯ ಆರ್‌ಎನ್‌ಎ ಇದೆ. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಅದರ ಉದ್ದ 20ರಿಂದ 24 ಅಕ್ಷರ ಮಾತ್ರ. ಅದರ ಕೆಲಸ ಬೇರೆ ಜೀನುಗಳ ನಕಲನ್ನು ಹುಡುಕಿ ತಡೆಯುವುದು.

ಇದರ ಹುಟ್ಟು ಹೀಗೆ. ಮೊದಲು ಉದ್ದನೆಯ ಒಂದು ಆರ್‌ಎನ್‌ಎ ತಯಾರಾಗಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತೆ. ಡೈಸರ್ ಅನ್ನುವ ಕಿಣ್ವ ಆ ಮಡಿಕೆಯಿಂದ ಒಂದು ಚಿಕ್ಕ ತುಂಡನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತೆ. ಆ ತುಂಡು ಆರ್ಗೊನಾಟ್ ಅನ್ನುವ ಪ್ರೋಟೀನಿನೊಳಗೆ ಕೂರುತ್ತೆ. ತನ್ನ ಅಕ್ಷರಗಳಿಗೆ ಜೋಡಿಯಾಗುವ ಅಕ್ಷರಸಾಲು ಯಾವ ಜೀನಿನ ನಕಲಿನಲ್ಲಿದೆಯೋ ಅಲ್ಲಿ ಅಂಟಿಕೊಂಡು, ಆ ನಕಲನ್ನು ಕತ್ತರಿಸುತ್ತೆ ಅಥವಾ ಓದದ ಹಾಗೆ ತಡೆಯುತ್ತೆ. ಜೀನು ಇದ್ದಲ್ಲೇ ಇರುತ್ತೆ, ಅದರ ಫಲ ಮಾತ್ರ ಕಡಿಮೆಯಾಗುತ್ತೆ. ನಮ್ಮ ನಾಲೆಯ ತೂಬಿನ ಹಾಗೆ: ಪೂರ್ತಿ ಮುಚ್ಚಬೇಕಿಲ್ಲ, ಪೂರ್ತಿ ತೆರೆಯಬೇಕಿಲ್ಲ, ಎಷ್ಟು ಎತ್ತಿದರೆ ಅಷ್ಟೇ ಹರಿಯುತ್ತೆ.

ಈ ಬಗೆಯ ಅಣು ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ನನಗೆ ಇದರಲ್ಲಿ ತುಂಬಾ ಹಿಡಿಸುವ ಸಂಗತಿ ಒಂದಿದೆ. ಆ ಹುಳುವಿನಲ್ಲಿ ಆ ಮೊದಲ ಅಣು ಮಾಡುತ್ತಿದ್ದ ಕೆಲಸವೂ ವಯಸ್ಸಿನದ್ದೇ. ಮರಿಹುಳು ಒಂದು ಹಂತ ಮುಗಿಸಿ ಮುಂದಿನ ಹಂತಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನು ಅದು ನಿರ್ಧರಿಸುತ್ತಿತ್ತು. ಗಿಡಗಳಲ್ಲಿ ಇಂಥ ಅಣು, ಅಂದರೆ ಮೈಕ್ರೋ ಆರ್‌ಎನ್‌ಎ, ಇರುವುದು ಖಚಿತವಾದದ್ದು 2002ರಲ್ಲಿ. ಗಿಡಗಳಲ್ಲೂ ವಯಸ್ಸನ್ನು ನೋಡಿಕೊಳ್ಳಲು ಇದೇ ಜಾತಿಯ ಅಣು ಇದೆ. ಆದರೆ ಅಕ್ಷರಸಾಲು ಬೇರೆ, ಪ್ರಾಣಿಗಳಿಂದ ಬಂದದ್ದಲ್ಲ.

ಗಿಡದ ಆ ಅಣುವಿನ ಹೆಸರು ಮಿರ್-156. ಎಳೆ ಗಿಡದಲ್ಲಿ ಇದು ತುಂಬಾ ಇರುತ್ತೆ. ಗರಿಗಳ ಸಂಖ್ಯೆ ಹೆಚ್ಚಿದ ಹಾಗೆ ಇಳಿಯುತ್ತಾ ಹೋಗುತ್ತೆ. ಇದು ತಡೆಯುವುದು ಎಸ್‌ಪಿಎಲ್ ಅನ್ನುವ ಜೀನುಗಳ ಗುಂಪನ್ನು. ಮಿರ್-156 ಇಳಿದಷ್ಟೂ ಎಸ್‌ಪಿಎಲ್ ಏರುತ್ತೆ. ಎಸ್‌ಪಿಎಲ್ ಏರಿದಾಗ ಮಿರ್-172 ಅನ್ನುವ ಇನ್ನೊಂದು ಸಣ್ಣ ಆರ್‌ಎನ್‌ಎ ಹೆಚ್ಚುತ್ತೆ, ಅದು ಹೂವನ್ನು ತಡೆಹಿಡಿದಿರುವ ಜೀನುಗಳನ್ನು ಸುಮ್ಮನಾಗಿಸುತ್ತೆ. ಒಂದು ಇಳಿಯುತ್ತೆ, ಇನ್ನೊಂದು ಏರುತ್ತೆ. ಗಿಡ ಎಳೆತನ ಬಿಟ್ಟು ತೆನೆಯ ಕಡೆ ಹೊರಳುವುದು ಹೀಗೆ. ಭತ್ತ, ಜೋಳ, ಗೋಧಿ, ಮೆಕ್ಕೆಜೋಳ, ಎಲ್ಲದರಲ್ಲೂ ಈ ಜೋಡಿ ಇದೆ.

ತೆಂಡೆಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧ. ಭತ್ತದ ಎಸ್‌ಪಿಎಲ್-14 ಅನ್ನುವ ಜೀನು ಕಂಕುಳಿನ ಮೊಗ್ಗನ್ನು ಮಲಗಿಸುವ ಇನ್ನೊಂದು ಜೀನನ್ನು ಎಬ್ಬಿಸುತ್ತೆ. ಆ ಇನ್ನೊಂದರ ಹೆಸರು ಟಿಬಿ-1. ಅಂದರೆ ಮಿರ್-156 ಜಾಸ್ತಿ ಇರುವ ತನಕ ಎಸ್‌ಪಿಎಲ್-14 ಕಡಿಮೆ, ಟಿಬಿ-1 ಕಡಿಮೆ, ಮೊಗ್ಗಿಗೆ ಹೊರಡಲು ಅಡ್ಡಿ ಕಡಿಮೆ. ಮಿರ್-156 ಇಳಿದರೆ ಮೊಗ್ಗಿಗೆ ಬೀಗ.

ಇದನ್ನು ಪ್ರಯೋಗದಲ್ಲಿ ಎರಡೂ ಕಡೆಯಿಂದ ನೋಡಿದ್ದಾರೆ. ಭತ್ತದಲ್ಲಿ ಮಿರ್-156 ಅನ್ನು ಬೇಕೆಂದೇ ಹೆಚ್ಚಿಸಿದರೆ ಗಿಡ ಗಿಡ್ಡವಾಗಿ, ಪೊದೆಯ ಹಾಗೆ ತೆಂಡೆ ಒಡೆದು, ತಡವಾಗಿ ಹೂ ಬಿಟ್ಟು, ಪುಟ್ಟ ಪುಟ್ಟ ತೆನೆ ಕೊಡುತ್ತೆ. ಮೆಕ್ಕೆಜೋಳದಲ್ಲಿ ಕಾರ್ನ್‌ಗ್ರಾಸ್ ಅನ್ನುವ ಹಳೆಯ ವಿಚಿತ್ರ ಗಿಡ ಒಂದಿದೆ. ಮೆಕ್ಕೆಜೋಳ ಅನ್ನಲು ಸಾಧ್ಯವೇ ಇಲ್ಲ, ಹುಲ್ಲಿನ ಪೊದೆ. ಅದರಲ್ಲಿ ಇದೇ ಅಣು ಅತಿಯಾಗಿ ತಯಾರಾಗುತ್ತೆ ಅನ್ನುವುದು 2007ರಲ್ಲಿ ಗೊತ್ತಾಯಿತು. ಆ ಗಿಡ ಎಳೆತನದಲ್ಲೇ ಸಿಕ್ಕಿಹಾಕಿಕೊಂಡಿದೆ.

ಇನ್ನೊಂದು ಕಡೆಯ ಸಾಕ್ಷಿ 2010ರದ್ದು. ಚೀನಾ ಮತ್ತು ಜಪಾನಿನ ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕುತ್ತಾ ಭತ್ತದ ಒಂದೇ ಜೀನಿಗೆ ಬಂದು ನಿಂತವು. ಅದೇ ಎಸ್‌ಪಿಎಲ್-14. ಚೀನಾದ ತಂಡ ನೋಡಿದ ಗಿಡದಲ್ಲಿ, ಮಿರ್-156 ಬಂದು ಅಂಟುವ ಜಾಗದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ಹಿಡಿತ ತಪ್ಪಿ ಎಸ್‌ಪಿಎಲ್-14 ಏರಿತ್ತು. ತೆಂಡೆ ಕಡಿಮೆಯಾಗಿ, ಕಾಂಡ ದಪ್ಪವಾಗಿ, ತೆನೆ ದೊಡ್ಡದಾಗಿತ್ತು.

ಒಟ್ಲಿನ ನೆರಳು

ಮಿರ್-156 ದಿನ ಎಣಿಸುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಅದು ಗಿಡದ ಒಳಗಿನ ಸ್ಥಿತಿ ನೋಡುತ್ತೆ. 2013ರಲ್ಲಿ ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಅನ್ನುವ ಪ್ರಯೋಗದ ಗಿಡದಲ್ಲಿ ಕಂಡದ್ದು: ಎಲೆಗಳು ಮಾಡುವ ಸಕ್ಕರೆ ಹೆಚ್ಚಿದ ಹಾಗೆ ಮಿರ್-156 ಇಳಿಯುತ್ತೆ. ಎಲೆ ಕಿತ್ತರೆ ಇಳಿಯುವುದು ತಡವಾಗುತ್ತೆ.

ಇದನ್ನು ಕೇಳಿದ ಭಾವ ತಕ್ಷಣ ಕೇಳಿದರು: "ಹಂಗಾದ್ರೆ ಒಟ್ಲಲ್ಲಿ ಸೊರಗಿದ ಪೈರಿಗೆ ಸಕ್ಕರೆ ಎಲ್ಲಿಂದ ಬರ್ಬೇಕು? ಅದು ಇನ್ನೂ ಎಳೇದಾಗೇ ಇರ್ಬೇಕಲ್ಲ?" ಒಳ್ಳೆಯ ಪ್ರಶ್ನೆ. ಉತ್ತರ ನೆರಳಿನಲ್ಲಿದೆ.

ಗರಿಯ ಮೂಲಕ ಹಾದು ಬಂದ ಬೆಳಕಿನಲ್ಲಿ ಕೆಂಪು ಕಡಿಮೆ, ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ದೂರಗೆಂಪು ಜಾಸ್ತಿ. ಗಿಡ ಇದನ್ನು ಗುರುತಿಸುತ್ತೆ. ಪಕ್ಕದಲ್ಲಿ ಇನ್ನೊಂದು ಗಿಡ ಒತ್ತಿಕೊಂಡು ನಿಂತಿದೆ ಅನ್ನುವುದು ಅದಕ್ಕೆ ಹಾಗೆ ತಿಳಿಯುತ್ತೆ. ತಿಳಿದ ಕೂಡಲೇ ಅದು ಕವಲೊಡೆಯುವುದು ಬಿಟ್ಟು ಮೇಲಕ್ಕೆ ಓಡುತ್ತೆ. 2017ರಲ್ಲಿ ಅರಾಬಿಡಾಪ್ಸಿಸ್‌ನಲ್ಲಿ ಇದರ ಒಂದು ದಾರಿ ಸಿಕ್ಕಿತು. ನೆರಳು ಬಿದ್ದಾಗ ಕೆಲಸಕ್ಕಿಳಿಯುವ ಪಿಫ್ ಅನ್ನುವ ಪ್ರೋಟೀನುಗಳು ನೇರವಾಗಿ ಮಿರ್-156ರ ಜೀನುಗಳ ಮೇಲೆ ಕೂತು ಅದರ ತಯಾರಿ ಕಡಿಮೆ ಮಾಡುತ್ತವೆ. ಎಸ್‌ಪಿಎಲ್ ಏರುತ್ತೆ, ಕವಲು ಕಡಿಮೆಯಾಗುತ್ತೆ, ಕಾಂಡ ಉದ್ದವಾಗುತ್ತೆ. ಹುಲ್ಲಿನ ಜಾತಿಯ ಬೆಳೆಗಳಲ್ಲೂ ದೂರಗೆಂಪು ಹೆಚ್ಚಾದರೆ ತೆಂಡೆ ಕಡಿಮೆಯಾಗುವುದು ಮೊದಲಿಂದಲೂ ಗೊತ್ತಿರುವ ವಿಷಯ.

ಅಂದರೆ ಅಣ್ಣನ ಎರಡು ಗುಂಟೆ ಒಟ್ಲಲ್ಲಿ ಎರಡೂ ಒಟ್ಟಿಗೇ ನಡೆದವು. ಗರಿಗಳು ಒಂದೊಂದಾಗಿ ಹೆಚ್ಚಿ ವಯಸ್ಸು ಮುಂದೆ ಸಾಗಿತು. ಅದೇ ಹೊತ್ತಿಗೆ ಪಕ್ಕದ ಪೈರುಗಳ ನೆರಳು ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳಿತು. ಕವಚ ಸುಲಿದಾಗ ಸಿಕ್ಕ ಕಂದು ಮೊಗ್ಗುಗಳು ಮತ್ತು ಎಳೆದುಕೊಂಡಿದ್ದ ಗೆಣ್ಣುಗಳು, ಎರಡೂ ಈ ಒಂದೇ ಕಥೆಗೆ ಹೊಂದುತ್ತವೆ.

ಎಲ್ಲವನ್ನೂ ಮಿರ್-156ರ ತಲೆಗೆ ಕಟ್ಟುವುದು ತಪ್ಪಾಗುತ್ತೆ. 44 ದಿನದ ಪೈರಿನ ಬೇರು ಕೀಳುವಾಗ ಹೆಚ್ಚು ಹರಿಯುತ್ತೆ, ಹೊಸ ಬೇರು ತಡವಾಗಿ ಬರುತ್ತೆ. ಒಟ್ಲಲ್ಲಿ ಗೊಬ್ಬರ ಹಂಚಿಹೋಗಿ ಪೈರಿನ ಮೈಯಲ್ಲಿ ಸಾರಜನಕ ಕಡಿಮೆಯಾಗಿರುತ್ತೆ. ಬೇರಿನಿಂದ ಬರುವ ಸ್ಟ್ರಿಗೊಲ್ಯಾಕ್ಟೋನ್ ಅನ್ನುವ ಹಾರ್ಮೋನು ಕೂಡ ಮೊಗ್ಗನ್ನು ತಡೆಯುತ್ತೆ. ಅದರ ದಾರಿಯೂ ಎಸ್‌ಪಿಎಲ್-14ರ ಹತ್ತಿರವೇ ಬಂದು ಸೇರುತ್ತೆ. ನಾವು ಈ ಗದ್ದೆಯ ಗರಿ ತೆಗೆದು ಪ್ರಯೋಗಾಲಯದಲ್ಲಿ ಆರ್‌ಎನ್‌ಎ ಅಳೆಯಲಿಲ್ಲ. ಅಳೆಯಬೇಕು ಅಂದರೆ ಗರಿಯನ್ನು ಕಿತ್ತ ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಿ ಒಯ್ಯಬೇಕು. ನನ್ನ ತೀರ್ಮಾನ ನಿಂತಿರುವುದು ಬುಡದಲ್ಲಿ ಕಂಡದ್ದರ ಮೇಲೆ, ಒಂದೇ ಬೀಜದ ಎರಡು ಗದ್ದೆಗಳ ಹೋಲಿಕೆಯ ಮೇಲೆ, ಮತ್ತು ಬೇರೆಡೆ ಪ್ರಯೋಗದಲ್ಲಿ ಗಟ್ಟಿಯಾಗಿ ತಿಳಿದಿರುವುದರ ಮೇಲೆ. ನನಗೆ ಅಷ್ಟು ಸಾಕು ಅನಿಸುತ್ತೆ.

ಯೂರಿಯಾ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ಇಲ್ಲೇ ಬಿಡಿಸಿಕೊಳ್ಳುತ್ತೆ. ಹೊರಡಲು ತಯಾರಿರುವ ಮೊಗ್ಗಿಗೆ ಸಾರಜನಕ ಸಿಕ್ಕರೆ ಅದು ತೆಂಡೆ ಆಗುತ್ತೆ. ಆ ಗಳಿಗೆ ದಾಟಿ ಕಂದು ತಿರುಗಿದ ಮೊಗ್ಗಿಗೆ ಎಷ್ಟು ಸುರಿದರೂ ಅದು ಏಳುವುದಿಲ್ಲ. ಆಗ ಆ ಗೊಬ್ಬರ ಗರಿಗೆ ಹೋಗುತ್ತೆ. ಗರಿ ಮೆತ್ತಗಾಗಿ ಬೆಂಕಿ ರೋಗಕ್ಕೆ ದಾರಿ ಆಗುತ್ತೆ. ಅಣ್ಣನ ಗದ್ದೆಯಲ್ಲಿ ಅದೂ ಒಂದಿಷ್ಟು ಬಂತು.

"ತೆಂಡೆ ಕಮ್ಮಿ ಇದ್ರೆ ತೆನೆ ದೊಡ್ಡದಾಗುತ್ತೆ ಅಂದ್ಯಲ್ಲ?"

ಚೀನಾದ ಭತ್ತದ ವಿಷಯ ಹೇಳಿದಾಗ ಅಣ್ಣ ಕೇಳಿದ್ದು ಇದು. ಅವರ ಗದ್ದೆಯಲ್ಲೂ ತೆಂಡೆ ಕಡಿಮೆ. ಆದರೆ ತೆನೆ ದೊಡ್ಡದಾಗಲಿಲ್ಲ, ಚಿಕ್ಕದೇ ಆಯಿತು. ತಾಯಿ ಕಾಂಡಗಳು ಬೇಗ ಹೊಡೆ ಬಿಚ್ಚಿದವು, ತಡವಾಗಿ ಬಂದ ತೆಂಡೆಗಳು ಹಿಂದೆ ಬಿದ್ದವು. ಕೊಯ್ಲಿನ ಹೊತ್ತಿಗೆ ಒಂದೇ ಬುಡದಲ್ಲಿ ಬಲಿತ ತೆನೆಯೂ ಹಾಲುಗಾಳಿನ ತೆನೆಯೂ ಇದ್ದವು. ಜೊಳ್ಳು ಜಾಸ್ತಿ ಆಯಿತು.

ವ್ಯತ್ಯಾಸ ಇರುವುದು ಎಲ್ಲಿ ಮತ್ತು ಯಾವಾಗ ಅನ್ನುವುದರಲ್ಲಿ. ಎಸ್‌ಪಿಎಲ್-14 ಮೊಗ್ಗಿನಲ್ಲಿ ಇದ್ದರೆ ತೆಂಡೆ ತಡೆಯುತ್ತೆ, ತೆನೆ ಮೂಡುವ ಜಾಗದಲ್ಲಿ ಇದ್ದರೆ ತೆನೆಗೆ ಕವಲು ಹೆಚ್ಚಿಸುತ್ತೆ. ಆ ತಳಿಯಲ್ಲಿ ಗಿಡ ಚೆನ್ನಾಗಿ ಉಂಡು ಬೆಳೆದಿರುತ್ತೆ. ದಪ್ಪ ಕಾಂಡ, ಅಗಲ ಗರಿ, ಒಳ್ಳೆಯ ಬೇರು. ತೆಂಡೆ ಕಡಿಮೆ ಮಾಡಿ ಉಳಿಸಿದ ಆಹಾರ ತೆನೆಗೆ ಹೋಗುತ್ತೆ. ಅಣ್ಣನ ಪೈರು ಸೊರಗಿದ್ದು. ಉಳಿಸಿದ ಆಹಾರವೇ ಇರಲಿಲ್ಲ.

ತಳಿ ಅಭಿವೃದ್ಧಿ ಮಾಡುವವರಿಗೆ ಇದೇ ದೊಡ್ಡ ಪಾಠ. ಸಣ್ಣ ಆರ್‌ಎನ್‌ಎ ಜಾಸ್ತಿ ಮಾಡಿದರೆ ಪೊದೆ, ಪೂರ್ತಿ ತೆಗೆದರೆ ಒಂಟಿ ಕಾಂಡ. ಎರಡರಲ್ಲೂ ರೈತನಿಗೆ ಇಳುವರಿ ಇಲ್ಲ. ಅದು ಅಂಟುವ ಜಾಗವನ್ನು ಸ್ವಲ್ಪ ಸಡಿಲಿಸಿದರೆ ಮಾತ್ರ ಲಾಭ. ಪ್ರಕೃತಿಯಲ್ಲಿ ಇದು ಹಿಂದೆಯೂ ಆಗಿದೆ. ಗೋಧಿಯಲ್ಲಿ ಹೊಟ್ಟು ಸುಲಭವಾಗಿ ಬಿಡುವ ಗುಣ ಬಂದದ್ದು ಕ್ಯೂ ಅನ್ನುವ ಜೀನಿನಲ್ಲಿ ಮಿರ್-172 ಅಂಟುವ ಜಾಗ ಒಂದಕ್ಷರ ಬದಲಾದದ್ದರಿಂದ. ಇವತ್ತು ನಾವು ತಿನ್ನುವ ಚಪಾತಿಯ ಗೋಧಿಯಲ್ಲಿ ಆ ಬದಲಾವಣೆ ಇದೆ. ಭತ್ತದಲ್ಲಿ ಮಿರ್-396ರ ಹಿಡಿತ ತಪ್ಪಿದ ಜಿಆರ್‌ಎಫ್-4 ಜೀನು ಕಾಳನ್ನು ದಪ್ಪ ಮಾಡುತ್ತೆ ಅನ್ನುವುದು 2015ರ ಹೊತ್ತಿಗೆ ತಿಳಿಯಿತು.

ನನ್ನ ಆಸೆ ಒಂದಿದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಕೆಆರ್‌ಎಚ್-2 ಸಂಕರಣ ಭತ್ತ ಬಂದದ್ದೂ ಅಲ್ಲಿಂದಲೇ. ನಾಲೆಯ ಕೊನೆ ಭಾಗದ ರೈತನಿಗೆ ಬೇಕಾಗಿರುವುದು ಒಟ್ಲಲ್ಲಿ ಇನ್ನೆರಡು ವಾರ ಕಾದರೂ ಎಳೆತನ ಬಿಡದ ಭತ್ತ. ಮಿರ್-156 ನಿಧಾನವಾಗಿ ಇಳಿಯುವ ತಳಿಗಳನ್ನು ನಮ್ಮಲ್ಲಿರುವ ಹಳೆಯ ಭತ್ತಗಳಲ್ಲಿ ಹುಡುಕುವುದು ಒಳ್ಳೆಯ ಕೆಲಸ. ವಯಸ್ಸಾದ ಪೈರು ನೆಟ್ಟರೂ ತಡೆದುಕೊಳ್ಳುವ ಭತ್ತ ಯಾವುದು ಅಂತ ಊರಿನ ಹಿರಿಯರನ್ನು ಕೇಳುವುದರಿಂದಲೇ ಇದನ್ನು ಶುರು ಮಾಡಬಹುದು.

ಮುಂದಿನ ಮುಂಗಾರಿಗೆ ಮಾಡಿದ್ದು

ಆ ವರ್ಷದ ಬೆಳೆಗೆ ಮಾಡಲು ಏನೂ ಉಳಿದಿರಲಿಲ್ಲ. ಯೂರಿಯಾ ನಿಲ್ಲಿಸಿ, ರೋಗ ಹರಡದ ಹಾಗೆ ನೋಡಿಕೊಂಡದ್ದು ಅಷ್ಟೇ.

ಮರು ವರ್ಷ ಒಟ್ಲನ್ನು ಎರಡು ಕಂತಿನಲ್ಲಿ ಹಾಕಿದರು. ಮೊದಲ ಕಂತು ಮಾಮೂಲಿ ದಿನಕ್ಕೆ, ಎರಡನೆಯದು ಎರಡೂವರೆ ವಾರ ಬಿಟ್ಟು. ಎರಡನೇ ಕಂತಿಗೆ 25 ಕಿಲೋ ಬೀಜ ಹೆಚ್ಚಿಗೆ ಬೇಕಾಯಿತು. ಅಣ್ಣ ಮೊದಲು ಒಪ್ಪಲಿಲ್ಲ. ಹಿಂದಿನ ವರ್ಷದ ಇಳುವರಿಯಲ್ಲಿ ಹೋದದ್ದರ ಮುಂದೆ ಒಂದು ಚೀಲ ಬೀಜದ ದುಡ್ಡು ಏನೂ ಅಲ್ಲ ಅಂತ ಅತ್ತಿಗೆಯೇ ಲೆಕ್ಕ ಹಾಕಿ ತೋರಿಸಿದರು. ಜಾಗಕ್ಕೆ ಭಾವನ ಗದ್ದೆಯ ಒಂದು ಮೂಲೆ ಸಿಕ್ಕಿತು. ಎರಡೂ ಕಂತಿಗೆ ನಾಲ್ಕು ನಾಲ್ಕು ಗುಂಟೆ, ಬೀಜ ತೆಳುವಾಗಿ. ನೆರಳಿನ ವಿಷಯ ತಿಳಿದ ಮೇಲೆ ಅಣ್ಣ ಇದರಲ್ಲಿ ಸ್ವಲ್ಪವೂ ರಾಜಿ ಆಗಲಿಲ್ಲ. ನೀರು ಕಾಯುವುದು ನಮ್ಮ ಕೈಯಲ್ಲಿಲ್ಲ, ಪೈರಿನ ನಡುವೆ ಬೆಳಕು ಬಿಡುವುದು ನಮ್ಮ ಕೈಯಲ್ಲಿದೆ.

ತಡವಾದರೆ ಹೇಗೆ ನೆಡುವುದು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಂಡರು. ಪೈರಿಗೆ 30 ದಿನ ದಾಟಿದರೆ ಸಾಲು ಹತ್ತಿರ ಹತ್ತಿರ, ಬುಡಕ್ಕೆ ಎರಡರ ಬದಲು ಮೂರು ನಾಲ್ಕು ಪೈರು. ತೆಂಡೆ ಬರುವುದಿಲ್ಲ ಅಂದ ಮೇಲೆ ತಾಯಿ ಕಾಂಡಗಳಿಂದಲೇ ಗದ್ದೆ ತುಂಬಬೇಕು. ಸಾರಜನಕವನ್ನು ಮೇಲುಗೊಬ್ಬರಕ್ಕೆ ಉಳಿಸದೆ ಹೆಚ್ಚಿನ ಪಾಲನ್ನು ನಾಟಿಯ ಹೊತ್ತಿಗೇ ಕೊಡಬೇಕು, ಯಾಕೆಂದರೆ ಅದನ್ನು ಬಳಸಿಕೊಳ್ಳಲು ಮೊಗ್ಗುಗಳಿಗೆ ಸಿಗುವ ಕಾಲ ಚಿಕ್ಕದು. ಎರಡೂ ಕಂತು 40 ದಿನ ದಾಟಿದರೆ ಆ ಪೈರನ್ನು ಬಿಟ್ಟು, ಅಲ್ಪಾವಧಿ ತಳಿಯ ಮೊಳಕೆ ಬೀಜವನ್ನು ಡ್ರಮ್ ಸೀಡರ್‌ನಲ್ಲಿ ನೇರವಾಗಿ ಕೆಸರಿಗೆ ಬಿಡುವುದು. ನೇರ ಬಿತ್ತನೆಯಲ್ಲಿ ಒಟ್ಲಿನ ಕಾಯುವಿಕೆ ಇಲ್ಲ, ಕೀಳುವ ಪೆಟ್ಟಿಲ್ಲ. ಕಳೆಯ ಕಾಟ ಮಾತ್ರ ಜಾಸ್ತಿ.

ಆ ವರ್ಷವೂ ನೀರು ತಡವಾಗಿಯೇ ಬಂತು. ಮೊದಲ ಕಂತಿಗೆ ಆಗ 41 ದಿನ, ಎರಡನೆಯದಕ್ಕೆ 23. ಎರಡನೆಯದನ್ನೇ ನೆಟ್ಟರು. ಬದುವಿನ ಪಕ್ಕದ ಒಂದು ಚಿಕ್ಕ ಮಡಿಯಲ್ಲಿ ಮೊದಲ ಕಂತಿನದನ್ನೂ ನೆಡಿ, ಹೋಲಿಸಿ ನೋಡೋಣ ಅಂತ ನಾನು ಕೇಳಿಕೊಂಡಿದ್ದೆ, ನೆಟ್ಟರು. ನಾಟಿಯಾಗಿ ತಿಂಗಳಾದ ಮೇಲೆ ಬುಡ ಬಿಡಿಸಿ ಎಣಿಸಿದವರು ಅಣ್ಣನೇ. 23 ದಿನದ ಪೈರು ನೆಟ್ಟ ಕಡೆ 13, 14. ಆ ಮಡಿಯಲ್ಲಿ 8, 9. ಹಿಂದಿನ ವರ್ಷದ ಐದಾರಕ್ಕಿಂತ ಇದು ಮೇಲು. ವಯಸ್ಸು ಹೆಚ್ಚು ಕಡಿಮೆ ಅಷ್ಟೇ ಆಗಿದ್ದರೂ ಈ ಸಲ ಒಟ್ಲು ತೆಳುವಾಗಿತ್ತು. ಕವಚ ಸುಲಿದು ನೋಡಿದರೆ ಕೆಳಗಿನ ಗೆಣ್ಣುಗಳಲ್ಲಿ ಒಂದೆರಡು ಮೊಗ್ಗು ಒಟ್ಲಲ್ಲೇ ಹೊರಟು ತೆಂಡೆಯಾಗಿದ್ದವು.